ಜಿಗಿಯುವ ಕಾಲು, ತಡೆಯುವ ಮನಸ್ಸು: ಶಾಲಾಪೂರ್ವ ಮಕ್ಕಳ ಚಲನೆ ಮತ್ತು ಸ್ವನಿಯಂತ್ರಣ



ದತ್ತಿ ಉಪನ್ಯಾಸವೆಂದರೆ ನಮ್ಮ ಯಾದಗಿರಿ ಭಾಗದಲ್ಲಿ ವಚನ, ತತ್ವಪದ, ಸುರಪುರ ಸಂಸ್ಥಾನದ ಇತಿಹಾಸ, ಇಲ್ಲವೆ ಸಂವಿಧಾನದ 371(ಜೆ) ವಿಧಿ. ಮೂರು ವರ್ಷದ ಮಗು ಒಂಟಿಗಾಲಲ್ಲಿ ಎಷ್ಟು ಹೊತ್ತು ನಿಂತೀತು ಎಂಬ ಪ್ರಶ್ನೆಗೆ ಇಂಥ ವೇದಿಕೆ ಸಿಗುವುದು ಅಪರೂಪ. ವಿಷಯದ ಆಯ್ಕೆಯನ್ನು ನನಗೇ ಬಿಟ್ಟ ದತ್ತಿ ಸಮಿತಿಗೆ ನಾನು ಋಣಿ.

ಇಂದಿನ ಮಾತು ಮೂರರಿಂದ ಆರು ವರ್ಷದ ಮಕ್ಕಳಿಗೆ ಸೀಮಿತ. ಮೊದಲು, ಈ ವಯಸ್ಸಿನಲ್ಲಿ ಕೈಕಾಲು ಹೇಗೆ ಹಿಡಿತಕ್ಕೆ ಬರುತ್ತವೆ ಎಂಬುದನ್ನು ನೋಡೋಣ. ಆಮೇಲೆ, ಆ ಹಿಡಿತಕ್ಕೂ ಮನಸ್ಸನ್ನು ತಡೆದುಕೊಳ್ಳುವ ಶಕ್ತಿಗೂ ಇರುವ ನಂಟನ್ನು ನೋಡೋಣ. ಮೂರನೆಯದಾಗಿ, ಮಕ್ಕಳು ಕಾಯುವುದರ ಬಗ್ಗೆ ನಡೆದ ಒಂದು ಹೆಸರಾಂತ ಪ್ರಯೋಗವನ್ನೂ ಅದಕ್ಕೆ ಮುಂದೆ ಬಂದ ತಿದ್ದುಪಡಿಗಳನ್ನೂ ಪರಿಶೀಲಿಸಿ, ಕೊನೆಗೆ ನಮ್ಮ ಜಿಲ್ಲೆಗೆ ಬರುತ್ತೇನೆ. ನನ್ನ ವಾದ ಏನೆಂದು ಈಗಲೇ ಹೇಳಿಬಿಟ್ಟರೆ ಕೇಳುವವರಿಗೂ ಅನುಕೂಲ: ಮಗುವನ್ನು ಕೂಡ್ರಿಸಿ ಸಂಯಮ ಕಲಿಸಲು ಬರುವುದಿಲ್ಲ. ಆಡುವ ಮೈ, ತುಂಬಿದ ಹೊಟ್ಟೆ, ಮಾತಿಗೆ ತಪ್ಪದ ದೊಡ್ಡವರು, ಈ ಮೂರೂ ಇದ್ದಲ್ಲಿ ಅದು ತಾನಾಗಿ ಮೂಡುತ್ತದೆ.

ಮೊದಲನೆಯ ಭಾಗಕ್ಕೆ ಬರುತ್ತೇನೆ. ಮಗುವಿನ ಚಲನೆಯನ್ನು ತಜ್ಞರು ಎರಡಾಗಿ ನೋಡುತ್ತಾರೆ. ಓಡುವುದು, ಹತ್ತುವುದು, ಜಿಗಿಯುವುದು, ಎಸೆಯುವುದು ದೊಡ್ಡ ಸ್ನಾಯುಗಳ ಕೆಲಸ. ಗುಂಡಿ ಹಾಕುವುದು, ಶೇಂಗಾ ಸುಲಿಯುವುದು, ಗೆರೆ ಎಳೆಯುವುದು ಬೆರಳುಗಳ ಕೆಲಸ. ಮೂರು ವರ್ಷದ ಹೊತ್ತಿಗೆ ಬಹುತೇಕ ಮಕ್ಕಳು ಮೆಟ್ಟಿಲಿಗೊಂದು ಕಾಲು ಇಟ್ಟು ಹತ್ತುತ್ತಾರೆ, ಒಂಟಿಗಾಲಲ್ಲಿ ಕ್ಷಣ ಹೊತ್ತು ನಿಲ್ಲುತ್ತಾರೆ. ನಾಲ್ಕಕ್ಕೆ ಕುಂಟುತ್ತಾ ನಾಲ್ಕು ಹೆಜ್ಜೆ ಹೋಗುತ್ತಾರೆ. ಐದರ ಸುಮಾರಿಗೆ ಒಂಟಿಗಾಲಲ್ಲಿ ಎಂಟು ಹತ್ತು ಸೆಕೆಂಡು ನಿಲ್ಲಬಲ್ಲರು. ಕುಂಟಾಬಿಲ್ಲೆಯಲ್ಲಿ ಐದು ವರ್ಷದ ತಂಗಿಯನ್ನು ಅಕ್ಕಂದಿರು ಸೇರಿಸಿಕೊಂಡು, ಮೂರು ವರ್ಷದವಳನ್ನು ಪಕ್ಕಕ್ಕೆ ಕೂಡ್ರಿಸುವುದು ಸುಮ್ಮನೆ ಅಲ್ಲ. ಯಾವ ವಯಸ್ಸಿಗೆ ಯಾವ ಆಟ ಎಂಬುದನ್ನು ಓಣಿಯ ಹುಡುಗಿಯರು ಪುಸ್ತಕ ಓದದೆಯೇ ಬಲ್ಲರು.

ಇಲ್ಲಿ, ಮೂರಕ್ಕಿಂತ ಚಿಕ್ಕ ಮಕ್ಕಳ ತಾಯಂದಿರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದ್ದರು. ಆಸರೆಯಿಲ್ಲದೆ ನಡೆಯುವುದು ಕೆಲವರಿಗೆ ಎಂಟು ತಿಂಗಳು ದಾಟುತ್ತಲೇ ಬಂದಿತ್ತು, ಕೆಲವರಿಗೆ ಹದಿನೇಳು ತಿಂಗಳು ಕಳೆದಿದ್ದವು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನೇರ ಎದ್ದು ನಡೆದಿದ್ದರು. ಆದ್ದರಿಂದ ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸಿ ಎದೆ ಒಡೆದುಕೊಳ್ಳಬೇಕಿಲ್ಲ. ಹದಿನೆಂಟು ತಿಂಗಳು ದಾಟಿದರೂ ನಡೆಯದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದಾಗ ಕೇಳಲೇಬೇಕಾದ ಪ್ರಶ್ನೆ ಇದು.

ಬೆರಳಿನ ವಿಷಯ ಇನ್ನೂ ಸೂಕ್ಷ್ಮ. ಮೂರು ವರ್ಷದ ಮಗು ದುಂಡನೆಯ ಸುತ್ತನ್ನು ನೋಡಿ ಬರೆಯುತ್ತದೆ. ಅಡ್ಡಗೆರೆ ಉದ್ದಗೆರೆ ಕೂಡಿಸಲು ನಾಲ್ಕು ವರ್ಷ ಬೇಕು. ಚೌಕ ಬರುವುದು ಅದರ ನಂತರ, ತ್ರಿಕೋನ ಐದರ ಸುಮಾರಿಗೆ. ಈಗ ನಮ್ಮ ‘ಅ’ ಅಕ್ಷರವನ್ನು ನೆನೆಸಿಕೊಳ್ಳಿ. ಗೆರೆ ಒಂದು ಕಡೆ ಸುತ್ತಿ, ತಿರುಗಿ, ಮತ್ತೊಂದು ಕಡೆ ಹೊರಳಿ, ನಡುವೆ ಗಂಟು ಹಾಕಿ ಮುಗಿಯಬೇಕು. ಚೌಕವೇ ಬಾರದ ಕೈಗೆ ಎಲ್ಲಕ್ಕಿಂತ ಮೊದಲು ಈ ಅಕ್ಷರವನ್ನು ಕೊಟ್ಟು, ಸ್ಲೇಟು ತುಂಬ ತಿದ್ದಿಸಿ, ತಪ್ಪಾದರೆ ಗದರುತ್ತೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿಕಲಿ ಪದ್ಧತಿ ಈ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಎಂದು ಶುರು ಮಾಡಿತು. ಅದು ಒಂದನೆಯ ತರಗತಿಯ ಮಕ್ಕಳಿಗೆ. ಅವರಿಗೇ ಸಲೀಸು ಮಾಡಿಕೊಟ್ಟದ್ದನ್ನು ನಾಲ್ಕು ವರ್ಷದವರಿಗೆ ಕಷ್ಟ ಮಾಡಿ ಕೊಡುವುದು ಯಾವ ನ್ಯಾಯ?

ಎಡಗೈ ಮಕ್ಕಳ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಎಡಗೈಯಲ್ಲಿ ಬಳಪ ಹಿಡಿದರೆ ಹೊಡೆದು ಬಲಗೈಗೆ ಬದಲಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಊಟದ ಕೈ ಯಾವುದೆಂಬ ಮನೆಯ ಪದ್ಧತಿ ಬೇರೆ, ಬರೆಯುವ ಕೈ ಬೇರೆ. ಅದನ್ನು ಮುಟ್ಟಬಾರದು.

ಬೆರಳುಗಳ ತರಬೇತಿಗೆ ನಮ್ಮ ಕಡೆ ಪೆನ್ಸಿಲ್ಲೇ ಬೇಕೆಂದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ ಸುರಪುರ ತಾಲೂಕಿನ ಯಾವ ಊರಿಗೆ ಹೋದರೂ ನೋಡಬಹುದು. ಅಜ್ಜ ತಂದ ಎರೆಮಣ್ಣು ಒದ್ದೆ ಗೋಣಿಚೀಲದ ಮೇಲೆ ಇರುತ್ತದೆ. ದೊಡ್ಡ ಹುಡುಗರು ಎತ್ತಿನ ಮೈ ತಟ್ಟಿ ನಿಲ್ಲಿಸುತ್ತಾರೆ. ಐದು ವರ್ಷದವನಿಗೆ ಬರುವ ಪಾಲು ಇಣಿ ಮತ್ತು ಕೋಡು. ಇಣಿ ದಪ್ಪವಾದರೆ ಎತ್ತು ಮುಗ್ಗರಿಸುತ್ತದೆ, ಕೋಡನ್ನು ಜೋರಾಗಿ ಒತ್ತಿದರೆ ತಲೆಯೇ ಚಪ್ಪಟೆ. ಆ ಹುಡುಗ ನಾಲಿಗೆಯ ತುದಿ ಹೊರಗೆ ಹಾಕಿ, ಉಸಿರು ಬಿಗಿಹಿಡಿದು, ಕಣ್ಣಿಗೆಂದು ಜೋಳದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತುತ್ತಾನೆ. ಮಣ್ಣು ಬಿರಿಯುವ ಮೊದಲೇ ಬೆರಳು ತೆಗೆಯುತ್ತಾನೆ. ಎಷ್ಟು ಒತ್ತಬೇಕೆಂಬುದರ ಜೊತೆಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಆ ಕೈ ಕಲಿಯುತ್ತಿದೆ.

ಈ ಮಾತಿಗೆ ನಮ್ಮ ನೆಲದ್ದೇ ಹಳೆಯ ಸಾಕ್ಷಿಯೊಂದಿದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಉತ್ಖನನ ನಡೆಸಿ, ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನೇ ಬೆಳಕಿಗೆ ತಂದರು. ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷ ಹಿಂದೆ ಎಂದು ಅಂದಾಜಾಗಿದೆ. ಆಯುಧ ಮಾಡುವವನು ಪ್ರತಿ ಏಟಿಗೂ ಮುನ್ನ ಕಲ್ಲನ್ನು ತಿರುಗಿಸಿ ನೋಡಬೇಕು. ಒಂದು ಏಟು ಹೆಚ್ಚಾದರೂ ಕಲ್ಲು ಹಾಳು. ಕೈ ಎತ್ತಿ, ತಡೆದು, ಲೆಕ್ಕ ಹಾಕಿ ಹೊಡೆಯುವ ಈ ಅಭ್ಯಾಸ ಮನುಷ್ಯಕುಲಕ್ಕೆ ಅಕ್ಷರಕ್ಕಿಂತ ಎಷ್ಟೋ ಹಳೆಯದು.

ಇನ್ನು ಎರಡನೆಯ ಭಾಗ. ಕೈಕಾಲಿನ ಹಿಡಿತಕ್ಕೂ ಮನಸ್ಸಿನ ಹಿಡಿತಕ್ಕೂ ನಂಟಿದೆ ಎನ್ನಲು ಆಧಾರವೇನು?

ಬಹಳ ಕಾಲ ವಿಜ್ಞಾನ ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟಿತ್ತು. ತಲೆಯ ಹಿಂಭಾಗದ ಕಿರುಮೆದುಳು ಸಮತೋಲನ ನೋಡಿಕೊಳ್ಳುತ್ತದೆ, ಹಣೆಯ ಹಿಂದಿನ ಮೆದುಳಿನ ಭಾಗ ಯೋಚನೆ ಮತ್ತು ಸಂಯಮವನ್ನು ನೋಡಿಕೊಳ್ಳುತ್ತದೆ ಎಂಬ ಹಂಚಿಕೆ ಅದು. 2000ದಲ್ಲಿ ಏಡೆಲ್ ಡೈಮಂಡ್ ಎಂಬ ವಿಜ್ಞಾನಿ ಅಲ್ಲಿಯವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ, ಕಠಿಣವಾದ ಅಥವಾ ಹೊಸದಾದ ಕೆಲಸ ಎದುರಾದಾಗ ಈ ಎರಡು ಭಾಗಗಳೂ ಜೊತೆಜೊತೆಗೆ ಚುರುಕಾಗುತ್ತವೆ ಎಂದು ತೋರಿಸಿದರು. ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೈಕಾಲಿನ ಹೊಂದಾಣಿಕೆಯೂ ಕಷ್ಟವಾಗಿರುತ್ತದೆ ಎಂಬುದು ಇದೇ ನಂಟಿನ ಇನ್ನೊಂದು ಮುಖ. ‘ಕಾಲು ನಿಲ್ಲದವನು’ ಎಂದು ನಾವು ಬೈಯುವ ಹುಡುಗನೇ ಅನೇಕ ಸಲ ತಂಬಿಗೆಯನ್ನೂ ಚೆಲ್ಲುತ್ತಾನೆ, ಚಪ್ಪಲಿಯನ್ನೂ ಅದಲುಬದಲು ಹಾಕಿಕೊಳ್ಳುತ್ತಾನೆ. ಬೈಗುಳ ಎರಡು ಬಿದ್ದರೂ ತೊಂದರೆಯ ಬೇರು ಒಂದೇ ಇದ್ದೀತು.

ರಷ್ಯದ ಅಲೆಕ್ಸಾಂಡರ್ ಲೂರಿಯಾ ಮಾಡಿದ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮಗುವಿನ ಕೈಗೆ ಒಂದು ರಬ್ಬರಿನ ಬುರುಡೆ ಕೊಡುತ್ತಾರೆ. ಒಂದು ಬಣ್ಣದ ದೀಪ ಹತ್ತಿದರೆ ಒತ್ತಬೇಕು, ಇನ್ನೊಂದು ಬಣ್ಣದ್ದು ಹತ್ತಿದರೆ ಒತ್ತಬಾರದು. ಮೂರು ವರ್ಷದ ಮಗುವಿಗೆ ನಿಯಮ ಅರ್ಥವಾಗಿದೆ, ಬಾಯಲ್ಲಿ ಹೇಳಲೂ ಬರುತ್ತದೆ. ಆದರೂ ‘ಒತ್ತಬಾರದು’ ಎಂದು ತಾನೇ ಹೇಳುತ್ತಾ ಒತ್ತಿಬಿಡುತ್ತದೆ. ಇಲ್ಲಿ ಮಾತಿನ ಅರ್ಥ ಕೈಯನ್ನು ತಲುಪಲಿಲ್ಲ. ಮಾತಾಡಿದ ಜೋರೇ ಕೈಯನ್ನು ಒತ್ತಿಸಿತು. ಐದು ದಾಟುವ ಹೊತ್ತಿಗೆ ಮಾತು ಕೈಯನ್ನು ಹಿಡಿಯುತ್ತದೆ. ‘ಎಷ್ಟು ಸಲ ಹೇಳೀನಿ, ತಿಳಿಯಂಗಿಲ್ಲೇನು?’ ಎಂದು ಕೇಳುವ ತಾಯಂದಿರು ಇದನ್ನು ನೆನಪಿಡಬೇಕು. ಮಗುವಿಗೆ ತಿಳಿದಿದೆ. ತಡೆಯುವ ಶಕ್ತಿ ಇನ್ನೂ ಬಂದಿಲ್ಲ, ಅಷ್ಟೆ.

ಆ ಶಕ್ತಿ ಎಲ್ಲಿಂದ ಬರುತ್ತದೆ? ಆಟದಲ್ಲಿ ಬರುತ್ತದೆ ಎಂದವನು ಲೂರಿಯಾನ ಗೆಳೆಯ ಲೆವ್ ವೈಗಾಟ್‌ಸ್ಕಿ. ಆಟದಲ್ಲಿ ಮಗು ತನಗೆ ತಟ್ಟನೆ ಅನಿಸಿದ್ದನ್ನು ಮಾಡದೆ, ಆಟದ ನಿಯಮಕ್ಕೆ ತಾನಾಗಿ ಒಪ್ಪಿ ನಡೆಯುತ್ತದೆ, ಅದೂ ಸಂತೋಷದಿಂದ. ಅವನ ವಿಚಾರವನ್ನು ಮುಂದುವರಿಸಿ 1948ರಲ್ಲಿ ಮನುಯಿಲೆಂಕೊ ಎಂಬ ಸಂಶೋಧಕಿ ಮಕ್ಕಳನ್ನು ಅಲುಗಾಡದೆ ನಿಲ್ಲಲು ಹೇಳಿ ನೋಡಿದಳು. ‘ನಿಲ್ಲು’ ಎಂದಾಗ ಸ್ವಲ್ಪ ಹೊತ್ತು ನಿಂತ ಮಕ್ಕಳು, ‘ನೀನು ಕಾವಲುಗಾರ’ ಎಂದು ಆಟ ಕಟ್ಟಿದಾಗ ಬಹಳ ಹೆಚ್ಚು ಹೊತ್ತು ನಿಂತರು. ನಾಲ್ಕೈದು ವರ್ಷದವರಲ್ಲಿ ಈ ಅಂತರ ಎದ್ದು ಕಾಣುತ್ತಿತ್ತು. ಮಾರಿಯಾ ಮಾಂಟೆಸ್ಸರಿ ಕೂಡ ತಮ್ಮ ‘ಮೌನದ ಆಟ’ದಲ್ಲಿ ಮಕ್ಕಳನ್ನು ನಿಶ್ಶಬ್ದವಾಗಿ ಇರಿಸುತ್ತಿದ್ದರು. ಅದು ಶಿಕ್ಷೆಯಾಗಿರಲಿಲ್ಲ. ಮೆಲ್ಲನೆ ಹೆಸರು ಕೂಗಿದಾಗ ಸದ್ದಾಗದಂತೆ ಎದ್ದು ಬರುವ ಸವಾಲಾಗಿತ್ತು.

ನಮ್ಮ ಅಂಗನವಾಡಿಗಳ ಒಂದು ನೋಟವನ್ನು ಇದರ ಪಕ್ಕದಲ್ಲಿ ಇಡುತ್ತೇನೆ. ಶಹಾಪುರ ತಾಲೂಕಿನ ಒಂದು ಊರು. ಒಂದೇ ಕೋಣೆ, ಒಂದು ಮೂಲೆಯಲ್ಲಿ ಅಡುಗೆಯ ಸಾಮಾನು. ಮಕ್ಕಳು ಜಮಖಾನದ ಮೇಲೆ ಕೈಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ಕೂತಿದ್ದರು. ಹೊರಗಿನವರು ಬಂದಾಗ ಹೀಗೆ ಕೂಡ್ರಿಸುವುದು ವಾಡಿಕೆ. ಬೆರಳು ತುಟಿಯ ಮೇಲಿದ್ದರೂ ಕಾಲಿನ ಹೆಬ್ಬೆರಳುಗಳು ಜಮಖಾನದ ನೂಲು ಕೀಳುತ್ತಿದ್ದವು. ‘ದಿನಾ ಆಡೋದನ್ನೇ ಆಡಸ್ರಿ ಅಕ್ಕಾರ’ ಎಂದೆ. ಟೀಚರ್ ನಕ್ಕು, ಸುತ್ತ ಕೂಡ್ರಿಸಿ ಶುರು ಮಾಡಿದರು: ‘ಕಾಗಿ ಹಾರ್ತು!’ ಎಲ್ಲ ಕೈಗಳೂ ಮೇಲೆ. ‘ಗುಬ್ಬಿ ಹಾರ್ತು!’ ಮತ್ತೆ ಮೇಲೆ. ‘ಗಿಣಿ ಹಾರ್ತು!’ ವೇಗ ಹೆಚ್ಚಿತು. ‘ಎಮ್ಮಿ ಹಾರ್ತು!’ ಚಿಕ್ಕವರ ಕೈಗಳು ಪೂರಾ ಮೇಲೆ ಹೋದವು, ದೊಡ್ಡ ನಗೆ. ಒಬ್ಬ ಹುಡುಗಿಯ ಕೈ ಮಾತ್ರ ಭುಜದವರೆಗೆ ಹೋಗಿ ನಿಂತಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಒತ್ತಿ ಇಟ್ಟುಕೊಂಡಳು. ಮುಂದಿನ ‘ಕತ್ತಿ ಹಾರ್ತು’ಗೆ ಕೈ ಅಲುಗಲೇ ಇಲ್ಲ.

ಅಮೆರಿಕದ ಮೇಗನ್ ಮೆಕ್ಲೆಲಂಡ್ ಮತ್ತು ಸಂಗಡಿಗರು ಸ್ವನಿಯಂತ್ರಣವನ್ನು ಅಳೆಯಲು ರೂಪಿಸಿದ ಪರೀಕ್ಷೆಯಲ್ಲಿ ‘ತಲೆ ಮುಟ್ಟು’ ಎಂದರೆ ಮಗು ಕಾಲ್ಬೆರಳು ಮುಟ್ಟಬೇಕು, ‘ಕಾಲ್ಬೆರಳು’ ಎಂದರೆ ತಲೆ. ನಿಯಮವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು, ತಟ್ಟನೆ ಬರುವ ಚಲನೆಯನ್ನು ತಡೆಯುವುದು, ನಿಯಮ ಬದಲಾದಾಗ ತಾನೂ ಬದಲಾಗುವುದು, ಇವನ್ನೇ ಅದು ನೋಡುತ್ತದೆ. ನಮ್ಮ ‘ಎಮ್ಮಿ ಹಾರ್ತು’ ಇದರ ಅಕ್ಕನೋ ತಂಗಿಯೋ ಆಗಬೇಕು. ಕಣ್ಣಾಮುಚ್ಚಾಲೆಯಲ್ಲಿ ನಗು ತಡೆದು ಬಾಗಿಲ ಹಿಂದೆ ಕೂಡುವುದು, ಲಗೋರಿಯಲ್ಲಿ ಚೆಂಡು ತಗಲಿ ಉರುಳುವವರೆಗೆ ಕಲ್ಲು ಮುಟ್ಟದಿರುವುದು, ‘ಸ್ಟ್ಯಾಚು’ ಎಂದಾಗ ಎತ್ತಿದ ಕಾಲನ್ನು ಹಾಗೇ ಹಿಡಿಯುವುದು, ಎಲ್ಲವೂ ಅದೇ ವಿದ್ಯೆ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವವರನ್ನು ನೋಡಿ ಬಂದ ಮಕ್ಕಳು ವಾರಗಟ್ಟಲೆ ಓಣಿಯ ಬೇವಿನ ಗಿಡ ಹತ್ತುತ್ತಾರೆ. ಬಿದ್ದು ಮೊಣಕಾಲು ಕೆತ್ತಿಕೊಳ್ಳುವುದೂ ಉಂಟು. ಆದರೆ ಯಾವ ಕೊಂಬೆ ತನ್ನ ಭಾರ ತಾಳುತ್ತದೆ ಎಂದು ಅಳೆದು ಕಾಲಿಡುವ ಎಚ್ಚರ ಗಿಡ ಹತ್ತಿಯೇ ಬರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸದಿದ್ದರೆ ಉಪನ್ಯಾಸಕನಾಗಿ ತಪ್ಪಾದೀತು. ಕೈಕಾಲು ಚುರುಕಾದ ಮಕ್ಕಳಲ್ಲಿ ಸಂಯಮವೂ ಹೆಚ್ಚು ಎಂಬ ನಂಟು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದರೆ ದಿನಾ ಇಷ್ಟು ನಿಮಿಷ ಓಡಿಸಿದರೆ ಸಂಯಮ ಇಷ್ಟು ಹೆಚ್ಚುತ್ತದೆ ಎಂಬ ನೇರ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ. ಬರಿದೇ ಮೈದಾನ ಸುತ್ತುವುದಕ್ಕಿಂತ, ನಿಯಮವೂ ತಿರುವೂ ಇರುವ ಆಟಗಳೇ ಹೆಚ್ಚು ಫಲ ಕೊಡುತ್ತವೆ ಎಂಬ ಅಭಿಪ್ರಾಯಕ್ಕೆ ನಾನು ವಾಲುತ್ತೇನೆ. ‘ಮೆದುಳು ಚುರುಕುಗೊಳಿಸುವ ವ್ಯಾಯಾಮ’ ಎಂದು ಊರೂರಲ್ಲಿ ಹಣ ಕಟ್ಟಿಸಿಕೊಳ್ಳುವ ಶಿಬಿರಗಳಿಂದ ದೂರವಿರಿ ಎಂದೂ ಹೇಳುತ್ತೇನೆ.

ಮೂರನೆಯ ಭಾಗಕ್ಕೆ ಹೋಗೋಣ. ಮಕ್ಕಳ ಸ್ವನಿಯಂತ್ರಣ ಎಂದೊಡನೆ ಓದಿದವರೆಲ್ಲ ನೆನೆಯುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಗೆ ಆರಂಭಿಸಿದ ಮಿಠಾಯಿ ಪ್ರಯೋಗವನ್ನು. ಮಗುವಿನ ಮುಂದೆ ಒಂದು ಮಿಠಾಯಿ. ‘ನಾನು ಬರುವವರೆಗೆ ತಿನ್ನದಿದ್ದರೆ ಎರಡು ಸಿಗುತ್ತವೆ’ ಎಂದು ಹೇಳಿ ಸಂಶೋಧಕರು ಹೊರಗೆ ಹೋಗುತ್ತಾರೆ. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಮುಂದಿದ್ದರು ಎಂಬ ವರದಿ ಜಗತ್ತಿನ ಭಾಷಣಕಾರರಿಗೆಲ್ಲ ಸಿದ್ಧವಸ್ತುವಾಯಿತು.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಹೆಚ್ಚು ಮಕ್ಕಳ, ಬೇರೆ ಬೇರೆ ಹಿನ್ನೆಲೆಯ ಕುಟುಂಬಗಳ ಮಾಹಿತಿ ಹಿಡಿದು ಮತ್ತೆ ನೋಡಿದರು. ಮನೆಯ ಸ್ಥಿತಿ, ತಾಯಿಯ ಓದು ಇವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟಿನ ಬಹುಪಾಲು ಕರಗಿಹೋಯಿತು. ಅದಕ್ಕೂ ಮುಂಚೆ, 2013ರಲ್ಲಿ, ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇನ್ನೂ ಸೊಗಸಾದ ಪ್ರಯೋಗ ಮಾಡಿದ್ದರು. ಮಿಠಾಯಿ ಕೊಡುವ ಮೊದಲು ಮಕ್ಕಳಿಗೆ ‘ಒಳ್ಳೆಯ ಬಣ್ಣದ ಸಾಮಾನು ತರುತ್ತೇನೆ, ಕಾಯಿರಿ’ ಎಂದು ಹೇಳಿ ಹೋದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದ ಅರ್ಧಕ್ಕೆ ‘ಇಲ್ಲ, ಮುಗಿದಿದೆ’ ಎಂದು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಸುಮಾರು 3 ನಿಮಿಷ. ಅಂದರೆ ಬೇಗ ತಿಂದ ಮಗುವಿಗೆ ಸಂಯಮ ಇರಲಿಲ್ಲ ಎನ್ನುವಂತಿಲ್ಲ. ಬರುತ್ತದೆಯೋ ಇಲ್ಲವೋ ಎಂಬ ಎರಡನೆಯ ಮಿಠಾಯಿಗಿಂತ ಕೈಯಲ್ಲಿರುವುದೇ ಖರೆ ಎಂದು ಅದು ಲೆಕ್ಕ ಹಾಕಿತ್ತು.

ಹಳ್ಳಿಯ ಮಕ್ಕಳ ಬಗ್ಗೆ ಇರುವ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ತೊಡೆಯಬೇಕು. 2018ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಫ್ರಿಕದ ಕ್ಯಾಮರೂನಿನ ಎನ್ಸೊ ಎಂಬ ಬೇಸಾಯಗಾರ ಸಮುದಾಯದ ನಾಲ್ಕು ವರ್ಷದ ಮಕ್ಕಳನ್ನು ಜರ್ಮನಿಯ ನಗರದ ಮಕ್ಕಳ ಜೊತೆ ಹೋಲಿಸಿದರು. ಎನ್ಸೊ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಏಳು ಜನ ಕೊನೆಯವರೆಗೆ ಕಾದರು. ಜರ್ಮನ್ ಮಕ್ಕಳಲ್ಲಿ ಮೂರಕ್ಕಿಂತ ಕಡಿಮೆ. ಕಾಯುವಾಗ ಜರ್ಮನ್ ಮಕ್ಕಳು ಎದ್ದು ಓಡಾಡಿದರು, ಹಾಡಿದರು. ಎನ್ಸೊ ಮಕ್ಕಳು ಸದ್ದಿಲ್ಲದೆ ಕೂತರು, ಕೆಲವರು ನಿದ್ದೆಯನ್ನೂ ಹೊಡೆದರು. ಬಡವರ ಮಕ್ಕಳಿಗೆ, ಹೊಲದ ಮಕ್ಕಳಿಗೆ ತಾಳ್ಮೆ ಕಡಿಮೆ ಎಂದು ಸಭೆಗಳಲ್ಲಿ ಹೇಳುವವರು ಇದನ್ನು ಗಮನಿಸಬೇಕು. ದೊಡ್ಡವರ ಮಾತಿಗೆ ಬೆಲೆ ಕೊಡುವ ಮನೆಗಳಲ್ಲಿ ಬೆಳೆದ ನಮ್ಮ ತಾಂಡಾಗಳ, ಹಟ್ಟಿಗಳ ಮಕ್ಕಳು ಕೂಡ ಹೀಗೆ ಕಾಯಬಲ್ಲವರು ಎಂಬುದು ನನ್ನ ಅನುಭವ. ದೊಡ್ಡವರಿಗೆ ಹೆದರಿ ತಡೆದುಕೊಳ್ಳುವುದಕ್ಕೂ ತಾನಾಗಿ ತಡೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ, ನಿಜ. ಟೀಚರ್ ಹೊರಗೆ ಹೋದಾಗ ಏನಾಗುತ್ತದೆ ಎಂದು ನೋಡಿದರೆ ಅದು ತಿಳಿಯುತ್ತದೆ.

ಹಾಗಾದರೆ ಬಾಲ್ಯದ ಸಂಯಮಕ್ಕೆ ಮುಂದಿನ ಬದುಕಿನಲ್ಲಿ ಬೆಲೆಯೇ ಇಲ್ಲವೆ? ಇದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ್ದಾರೆ. ಚಿಕ್ಕಂದಿನಲ್ಲಿ ಸ್ವನಿಯಂತ್ರಣ ಹೆಚ್ಚಿದ್ದವರಿಗೆ ಮೂವತ್ತೆರಡರ ವಯಸ್ಸಿನಲ್ಲಿ ಆರೋಗ್ಯ ಮತ್ತು ಹಣಕಾಸು ಎರಡೂ ಮೇಲಾಗಿದ್ದವು, ಅಪರಾಧ ಕಡಿಮೆ ಇತ್ತು ಎಂದು 2011ರಲ್ಲಿ ಟೆರಿ ಮೋಫಿಟ್ ಮತ್ತು ಸಂಗಡಿಗರು ಬರೆದರು. ಅದು ಒಂದು ಮಿಠಾಯಿಯಿಂದ ಅಳೆದದ್ದಲ್ಲ. ತಂದೆತಾಯಿ, ಶಿಕ್ಷಕರು, ಸಂಶೋಧಕರು ವರ್ಷಗಟ್ಟಲೆ ಕಂಡದ್ದರ ಒಟ್ಟು ಲೆಕ್ಕ.

ಇನ್ನು ನಮ್ಮ ಜಿಲ್ಲೆ. ಈ ಭಾಗಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ.

2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿ, 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ರಾಯಚೂರಿನ ಜೊತೆ ನಮ್ಮದೂ ಸೇರಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ರಾಜ್ಯದಲ್ಲಿ ನೂರಕ್ಕೆ 35. ನಮ್ಮ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಿಗೆ ಇಬ್ಬರಂತೆ ರಕ್ತಹೀನರು.

ಗಿಡ್ಡಾಗಿ ಉಳಿಯುವುದು ಬರೀ ಎತ್ತರದ ಮಾತಲ್ಲ. ಮಗು ತಡವಾಗಿ ನಡೆಯುತ್ತದೆ, ತಡವಾಗಿ ನಡೆದದ್ದರಿಂದ ಕಡಿಮೆ ಸುತ್ತಾಡುತ್ತದೆ, ಕಡಿಮೆ ಸುತ್ತಾಡಿದ್ದರಿಂದ ಕಡಿಮೆ ವಸ್ತುಗಳನ್ನು ಮುಟ್ಟಿ ನೋಡುತ್ತದೆ. ಕಬ್ಬಿಣಾಂಶ ಕಡಿಮೆಯಾದರೆ ನರಗಳ ಮೇಲಿನ ಹೊದಿಕೆಯೂ, ಗಮನಕ್ಕೆ ಬೇಕಾದ ರಾಸಾಯನಿಕಗಳೂ ಸರಿಯಾಗಿ ತಯಾರಾಗುವುದಿಲ್ಲ. ರಕ್ತಹೀನ ಮಗು ಎಷ್ಟೋ ಸಲ ‘ಬಹಳ ಶ್ಯಾಣ್ಯಾ ಕೂಸು, ಕುಂತಲ್ಲೇ ಕುಂದರ್ತದ’ ಎಂದು ಹೊಗಳಿಸಿಕೊಳ್ಳುತ್ತದೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನಾನು ಮಗುವಿನ ಕಣ್ಣಿನ ಕೆಳರೆಪ್ಪೆ ನೋಡಿ ಎನ್ನುತ್ತೇನೆ. ಬಿಳಿಚಿದ್ದರೆ ಅದು ಸಂಯಮವಲ್ಲ, ನಿತ್ರಾಣ. ವಾರಕ್ಕೆರಡು ಸಲ ಹಾಕಬೇಕಾದ ಕಬ್ಬಿಣಾಂಶದ ಸಿರಪ್, 2013ರ ಆಗಸ್ಟಿನಿಂದ ಬಂದ ಕ್ಷೀರಭಾಗ್ಯದ ಹಾಲು, ಅಂಗನವಾಡಿಯ ಮೊಟ್ಟೆ, ಇವನ್ನೆಲ್ಲ ನಾವು ಆಹಾರ ಇಲಾಖೆಯ ಖಾನೆಯಲ್ಲಿ ಬರೆದು ಮರೆಯುತ್ತೇವೆ. ಶಿಸ್ತಿನ ಪಾಠವೂ ಅಲ್ಲಿಂದಲೇ ಶುರು.

ಆದರೆ ಊಟ ಒಂದೇ ಸಾಲದು. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ನೇತೃತ್ವದಲ್ಲಿ, ಎತ್ತರ ಬೆಳೆಯದ 129 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಎರಡು ವರ್ಷ ಮನೆಗೆ ಹೋಗಿ, ಬಿಸಾಡಿದ ಡಬ್ಬಿ, ಬಾಟಲಿ, ಬಟ್ಟೆಯ ತುಂಡುಗಳಿಂದ ಮಾಡಿದ ಆಟಿಕೆ ಇಟ್ಟುಕೊಂಡು ತಾಯಿಗೂ ಮಗುವಿಗೂ ಜೊತೆಯಾಗಿ ಆಡುವುದನ್ನು ಕಲಿಸಿದರು. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಆ ಮಕ್ಕಳ ಗಳಿಕೆ ಇತರರಿಗಿಂತ ನೂರಕ್ಕೆ 25 ಹೆಚ್ಚಾಗಿತ್ತು. ಇದೇ ಮಾದರಿಯನ್ನು ನಮ್ಮ ದೇಶದ ಒಡಿಶಾದಲ್ಲೂ ಪ್ರಯೋಗಿಸಿ ಒಳ್ಳೆಯ ಫಲ ಕಂಡಿದ್ದಾರೆ; ತಾಯಂದಿರನ್ನು ಒಂದೆಡೆ ಸೇರಿಸಿ ಕಲಿಸಿದರೂ ಆದೀತು ಎಂದು ಅಲ್ಲಿ ತಿಳಿದುಬಂತು. ನಮ್ಮ ಸ್ತ್ರೀಶಕ್ತಿ ಗುಂಪಿನ ವಾರದ ಸಭೆಗಳಿಗೆ ಸಾಲದ ಕಂತಿನ ಜೊತೆ ಇದನ್ನೂ ಸೇರಿಸಲು ಏನಡ್ಡಿ?

ವಲಸೆಯ ಮಾತನ್ನು ಬಿಡುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ಸುರಪುರ ಕಡೆಯ ಎಷ್ಟೋ ಮನೆಗಳು ದುಡಿಯಲು ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಹೋಗುತ್ತವೆ. ಕೂಸುಗಳು ಅಜ್ಜಿಯ ಹತ್ತಿರ ಉಳಿಯುತ್ತವೆ, ಇಲ್ಲವೆ ಕಟ್ಟಡದ ಜಲ್ಲಿ ರಾಶಿಯ ಪಕ್ಕದ ತಗಡಿನ ಶೆಡ್ಡಿಗೆ ಹೋಗುತ್ತವೆ. ಹೊರಡುವ ದಿನ ಅಳು ನಿಲ್ಲಿಸಲೆಂದು ‘ಸಂತಿಗಿ ಹೋಗಿ ಬರ್ತೀನಿ, ಸಂಜಿಗಿ ಬರ್ತೀನಿ’ ಎಂದು ಹೇಳಿ ತಾಯಿ ಬಸ್ಸು ಹತ್ತುತ್ತಾಳೆ. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ರಾಚೆಸ್ಟರಿನ ಆ ಬಣ್ಣದ ಸಾಮಾನಿನ ಪ್ರಯೋಗ ನೆನಪಿರಲಿ. ‘ಯುಗಾದಿಗಿ ಬರ್ತೀನಿ’ ಎಂದು ನಿಜ ಹೇಳಿ, ದಿನಾ ಗೊತ್ತಾದ ಹೊತ್ತಿಗೆ ಫೋನು ಮಾಡಿದರೆ ಮಗು ಅಳುತ್ತದೆ, ಆದರೆ ನಂಬುತ್ತದೆ. ಅಂಗನವಾಡಿಯಲ್ಲೂ ಹಾಗೆಯೇ. ‘ನಾಳೆ ಆಟ ಆಡಸ್ತೀನಿ’ ಎಂದರೆ ನಾಳೆ ಆಡಿಸಬೇಕು, ಸರ್ವೆ ಕೆಲಸ ಬಂದರೂ ಸರಿ. ಇದನ್ನು ಹೇಳುವಾಗ ಕಾರ್ಯಕರ್ತೆಯರ ತಲೆಯ ಮೇಲೆ ನಾವು ಹೊರಿಸಿರುವ ರಿಜಿಸ್ಟರುಗಳ, ಮೊಬೈಲ್ ಅಪ್‌ಲೋಡುಗಳ ಭಾರವನ್ನು ಮರೆತು ಮಾತಾಡುತ್ತಿಲ್ಲ. ಆ ಭಾರ ಇಳಿಸದೆ ಆಟ ಆಡಿಸಿ ಎನ್ನುವುದು ಅರ್ಧ ಮಾತು.

ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಕ್ರಮವನ್ನು ವಿರೋಧಿಸಿ 2024ರಲ್ಲಿ ಅಂಗನವಾಡಿ ನೌಕರರು ಬೀದಿಗಿಳಿದದ್ದು ನಿಮಗೆಲ್ಲ ಗೊತ್ತು. ಯಾವ ಸೂರಿನಡಿ ಕಲಿಸಬೇಕು ಎಂಬ ಜಗಳದಲ್ಲಿ ನಾನು ತೀರ್ಪು ಕೊಡುವವನಲ್ಲ. ಆ ಸೂರಿನಡಿ ಏನು ನಡೆಯುತ್ತದೆ ಎಂಬುದು ನನ್ನ ಪ್ರಶ್ನೆ. ಬೆಂಚು, ಟೈ, ನಾಲ್ಕು ಗೆರೆಯ ಕಾಪಿ ಪುಸ್ತಕ ಬಂದೊಡನೆ ಪಾಲಕರಿಗೆ ಸಮಾಧಾನ. ಆದರೆ 1975ರಲ್ಲಿ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ತೆರೆದಾಗ ಆ ಹೆಸರಿನಲ್ಲಿ ಅಂಗಳ ಇತ್ತು. ಅದಕ್ಕೂ ಮುಂಚೆ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಇಬ್ಬರೂ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದಲ್ಲಿ ಹಳ್ಳಿಯ, ಆದಿವಾಸಿ ಓಣಿಗಳ ಅಂಗಳಕ್ಕೇ ಹೋಗಿ ಶಿಶುಶಿಕ್ಷಣ ಕೊಟ್ಟವರು. ಈಗ ನಮ್ಮ ಎಷ್ಟೋ ಕೇಂದ್ರಗಳು ಬಾಡಿಗೆ ಕೋಣೆಯಲ್ಲಿವೆ, ಅಂಗಳವಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಲನೆ ಬೇಕು, ಅದರಲ್ಲಿ 60 ನಿಮಿಷ ಉಸಿರು ಏರುವಂಥ ಆಟ ಇರಬೇಕು, ಪರದೆಯ ಮುಂದೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ಹತ್ತು ಗಂಟೆಯ ಮೇಲೆ ಮಗುವನ್ನು ಹೊರಗೆ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಹಾಗಾದರೆ ಆಟದ ವೇಳೆ ಮುಂಜಾನೆಯ ಮೊದಲ ಗಂಟೆಗೇ ಬರಬೇಕು. ವೇಳಾಪಟ್ಟಿಯ ಕೊನೆಗೆ ‘ಸಮಯವಿದ್ದರೆ’ ಎಂದು ಸೇರಿಸಿದರೆ ಆಗದು.

ಇಷ್ಟಕ್ಕೆ ದೊಡ್ಡ ಹಣ ಬೇಕಿಲ್ಲ. ಇಲ್ಲಿರುವ ಗ್ರಾಮ ಪಂಚಾಯಿತಿ ಸದಸ್ಯರು ಉದ್ಯೋಗ ಖಾತ್ರಿಯಲ್ಲಿ ಅಂಗನವಾಡಿ ಕಟ್ಟಡ ಕಟ್ಟಿಸಿದ್ದನ್ನು ಹೆಮ್ಮೆಯಿಂದ ಹೇಳಿದರು. ಕಾಂಪೌಂಡಿನ ಒಳಗೆ ಒಂದು ಮೂಲೆಯಲ್ಲಿ ಎರಡು ಬುಟ್ಟಿ ಉಸುಕು, ಬೇವಿನ ನೆರಳು, ಅರ್ಧ ಹೂತ ಹಳೆಯ ಟೈರುಗಳು, ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ನಡೆಯಲು ಗೇಣಗಲದ ಕಟ್ಟೆ, ಕೈ ತೊಳೆಯಲು ನೀರು: ಕಟ್ಟಡದ ನಕ್ಷೆಯಲ್ಲೇ ಇವನ್ನು ಬರೆಸಿ. ಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮರುದಿನ ಬಿಚ್ಚಬೇಡಿ. ಟೀಚರುಗಳು ಉಸುಕಿನಲ್ಲಿ ಬೆರಳಿಂದ ‘ರ’ ಬರೆಸಿ ನೋಡಿ. ಸ್ಲೇಟಿನ ಮೇಲೆ ಅಳುವ ಮಗು ಅಲ್ಲಿ ನಗುತ್ತಾ ಬರೆಯುತ್ತದೆ. ಅದನ್ನು ನೋಡಿದ ಪಾಲಕರು ‘ನಮ್ಮ ಹುಡುಗ ಮಣ್ಣಾಗ ಆಡ್ತಾನ, ಏನೂ ಕಲಿಸಂಗಿಲ್ಲ’ ಎಂದು ದೂರುತ್ತಾರೆ, ಗೊತ್ತಿದೆ. ಹಾಗಾಗಿ ತಿಂಗಳಿಗೊಮ್ಮೆ ತಾಯಂದಿರ ಸಭೆಯಲ್ಲಿ ಮಕ್ಕಳ ಬದಲು ದೊಡ್ಡವರನ್ನೇ ಸುತ್ತ ಕೂಡ್ರಿಸಿ ‘ಎಮ್ಮಿ ಹಾರ್ತು’ ಆಡಿಸಿ. ಎಷ್ಟು ಕೈಗಳು ಮೇಲೆ ಹೋಗುತ್ತವೆ ಎಂದು ಅವರೇ ನೋಡಲಿ. ಆಮೇಲೆ ಮಾತು ಸುಲಭ.

 ಪ್ರಶ್ನೆಗಳಿದ್ದರೆ, ದಯವಿಟ್ಟು ಅಂಗನವಾಡಿ ಟೀಚರುಗಳಿಂದಲೇ ಶುರುವಾಗಲಿ.